ಒಕ್ಕಲುತನ ಮಾಡುವ ಜೈನರು ಅಹಿಂಸಾ ಅಣುವ್ರತ ತಗೊಳ್ಳಬಹುದಾ?

ಕಬ್ಬಿನ ಹೊಲ
ನಮ್ಮದು ಚಿಕ್ಕೋಡಿ ಕಡೆ, ಒಕ್ಕಲುತನದ ಜೈನ ಮನೆ. ಕಬ್ಬು, ಸೋಯಾಬೀನ್, ಸ್ವಲ್ಪ ಅರಿಷಿಣ ಬೆಳೆಯುತ್ತೇವೆ. ಈ ಸಲ ಊರಲ್ಲಿ ಮುನಿಗಳ ಚಾತುರ್ಮಾಸ ನಡೆದಿದೆ, ಅಣುವ್ರತ ತಗೊಳ್ಳೋಣ ಅಂತ ಮನಸ್ಸಿದೆ. ಆದರೆ ಪೇಟೆಯಲ್ಲಿ ಅಂಗಡಿ ಇಟ್ಟಿರುವ ನಮ್ಮ ಬೀಗರೊಬ್ಬರು ಊಟಕ್ಕೆ ಕೂತಾಗ ಎಲ್ಲರ ಮುಂದೆಯೇ, ರಂಟೆ (ನೇಗಿಲು) ಹೊಡೆದರೆ ಎಷ್ಟು ಜೀವ ಸಾಯುತ್ತವೆ, ಔಷಧ ಹೊಡೆದರೆ ಎಷ್ಟು, ನಿಮಗೆಂಥ ಅಹಿಂಸಾ ವ್ರತ ಅಂದುಬಿಟ್ಟರು. ಜಗಳ ಬೇಡ ಅಂತ ಸುಮ್ನಾದೆ. ಆದರೆ ಮಾತು ಪೂರ್ತಿ ಸುಳ್ಳೂ ಅಲ್ವಲ್ಲ? ಸೋಯಾಗೆ ಹುಳ ಬಿದ್ದಾಗ ಪಂಪು ಬೆನ್ನಿಗೆ ಕಟ್ಟಿಕೊಂಡು ಹೊಡೆಯುವವನು ನಾನೇ. ಸಾಯಲಿ ಅಂತಲೇ ಹೊಡೆಯುವುದು. ತಿಳಿದವರು ಹೇಳಿ.

ಸಾವಿರ ಕಂಬ
ಧಾರಾಳವಾಗಿ ತಗೊಳ್ಳಿ. ಗೃಹಸ್ಥರಿಗೆ ಹೇಳಿದ್ದು ಮಿತಿಯಲ್ಲಿ ಪಾಲಿಸುವ ಅಣುವ್ರತ, ಮುನಿಗಳು ಪೂರ್ತಿಯಾಗಿ ಪಾಲಿಸುವ ಮಹಾವ್ರತ ಅಲ್ಲ. ಹಿಂಸೆಯಲ್ಲಿ ನಾಲ್ಕು ಥರ. ಕೊಲ್ಲಬೇಕು ಅಂತಲೇ ಮಾಡುವುದು ಸಂಕಲ್ಪಿ, ಅಡುಗೆ ಕಸ ಮುಸುರೆಯಲ್ಲಿ ಆಗುವುದು ಆರಂಭಿ, ದುಡಿಮೆಯಲ್ಲಿ ಆಗುವುದು ಉದ್ಯೋಗಿ, ಮೈಮೇಲೆ ಬಂದವರನ್ನು ತಡೆಯುವಾಗ ಆಗುವುದು ವಿರೋಧಿ. ಗೃಹಸ್ಥ ಪೂರ್ತಿ ಬಿಡಬೇಕಾದ್ದು ಮೊದಲನೆಯದು, ಅದೂ ಓಡಾಡುವ ಜೀವಿಗಳ ವಿಷಯದಲ್ಲಿ. ಉಳಿದದ್ದು ಆದಷ್ಟು ಕಡಿಮೆ ಆಗಬೇಕು, ಅಷ್ಟೇ.

ಜನ್ನನ ಯಶೋಧರ ಚರಿತೆ ಓದಿದ್ದೀರಲ್ಲ, ಅದರ ಹಿಟ್ಟಿನ ಕೋಳಿಯಲ್ಲಿ ಜೀವವೇ ಇರಲಿಲ್ಲ, ಆದರೂ ಬಲಿ ಕೊಡುವ ಮನಸ್ಸು ಮಾಡಿದ್ದಕ್ಕೆ ರಾಜ ಯಶೋಧರ ನವಿಲಾಗಿ, ಅವನ ತಾಯಿ ನಾಯಿಯಾಗಿ ಹುಟ್ಟಿ ಆಮೇಲೂ ಜನ್ಮ ಜನ್ಮ ತೊಳಲಬೇಕಾಯಿತು. ಅದೇ ಕಥೆಯನ್ನು ಜನ್ನನಿಗಿಂತ ಮೊದಲೇ, 959ರಲ್ಲಿ, ಸಂಸ್ಕೃತದಲ್ಲಿ ಬರೆದ ಸೋಮದೇವ ಸೂರಿ ನಿಮ್ಮ ಪ್ರಶ್ನೆಗೇ ಉತ್ತರ ಕೊಟ್ಟಿದ್ದಾರೆ. ಬೆಸ್ತ ಕೊಲ್ಲದೆ ಇದ್ದಾಗಲೂ ಪಾಪಿ, ರೈತನ ಕೈಯಲ್ಲಿ ಜೀವ ಹೋದರೂ ಹಾಗಲ್ಲ, ಇಬ್ಬರ ಮನಸ್ಸಿನಲ್ಲಿರುವುದು ಬೇರೆ ಬೇರೆ ಅಂತ.

ಓದುಗ 8
ಬೀಗರಿಗೂ ಒಂದು ಉತ್ತರ ಇಟ್ಟುಕೊಳ್ಳಿ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಅನ್ನುವ ಗ್ರಂಥದಲ್ಲಿ ಶ್ರಾವಕನ (ಗೃಹಸ್ಥ ಜೈನನ) 11 ಪ್ರತಿಮೆಗಳು, ಅಂದರೆ ಹಂತಗಳು, ಬರುತ್ತವೆ, ಒಂದೊಂದೇ ಮೆಟ್ಟಿಲು ಏರುತ್ತಾ ಹೋಗುವುದು. ಅದರಲ್ಲಿ 8ನೆಯದು ಆರಂಭತ್ಯಾಗ. ಅಲ್ಲಿ ಬಿಡಬೇಕಾದ್ದು ಏನು ಅಂದರೆ ಸೇವೆ, ಕೃಷಿ, ವಾಣಿಜ್ಯ, ಮೂರೂ ಒಂದೇ ಸಾಲಿನಲ್ಲಿ. ಹೊಲ ಬಿಡುವ ಮೆಟ್ಟಿಲಿನಲ್ಲೇ ಅಂಗಡಿಯನ್ನೂ ಬಿಡಬೇಕು! ಮೊದಲ ತೀರ್ಥಂಕರ ಆದಿನಾಥ ಸ್ವಾಮಿ ಜನರಿಗೆ ಕಲಿಸಿದ ಆರು ಕಸುಬುಗಳಲ್ಲೂ ಕೃಷಿ ಇದೆ. ಇನ್ನು ನಿಮ್ಮ ಕಡೆಯವರೇ ಆದ ದಿಗಂಬರ ಮುನಿ ಆಚಾರ್ಯ ಶಾಂತಿಸಾಗರರು (ಹುಟ್ಟಿದ್ದು 1872) ಭೋಜ ಗ್ರಾಮದ ಒಕ್ಕಲು ಮನೆಯವರು ಅನ್ನುವುದನ್ನು ನಿಮಗೆ ನಾನು ಹೇಳಬೇಕಾ.

ನಿಷ್ಠುರ
ಸೋಮದೇವರ ಮಾತು ನಮಗೆ ಅನುಕೂಲ ಅಂತ ಹಿಡಿದುಕೊಂಡು ಕೂತರೆ ಆಗಲ್ಲ. ಆ ಕಾಲದ ರೈತನ ಬೆನ್ನಿಗೆ ಪಂಪು ಇರಲಿಲ್ಲ. ರಂಟೆಗೆ ಸಿಕ್ಕಿ ಎರೆಹುಳ ಸಾಯುವುದು ಬೇರೆ, ಸಾಯಲಿ ಅಂತ ಹೊಡೆಯುವುದು ಬೇರೆ. ಕೇಳಿದವರು ಅದನ್ನೇ ಕೇಳಿದ್ದು, ಮೇಲಿನವರಿಬ್ಬರೂ ಜಾರಿಕೊಂಡರು. ಬೆಳೆ ಉಳಿಸಲು ಹೊಡೆದದ್ದು ವಿರೋಧಿ ಹಿಂಸೆ ಅಂತ ಕೆಲವರು ವಾದಿಸುತ್ತಾರೆ, ನನಗಂತೂ ಒಪ್ಪಿಗೆಯಿಲ್ಲ. ಹುಳ ಎಲೆ ತಿನ್ನಲು ಬಂದಿದೆ, ನಿಮ್ಮ ಮೇಲೆ ಯುದ್ಧಕ್ಕೆ ಬಂದಿಲ್ಲ.

ಜೈನ ಗ್ರಂಥ ತತ್ತ್ವಾರ್ಥಸೂತ್ರ ಹಿಂಸೆ ಅಂದರೇನು ಅಂತ ಹೇಳುವಾಗ ಪ್ರಮಾದ ಅನ್ನುವುದನ್ನು ಮೊದಲೇ ಇಡುತ್ತದೆ. ಅಂದರೆ ಎಚ್ಚರ ತಪ್ಪಿ ಜೀವ ತೆಗೆಯುವುದು. ಹಾಗಾಗಿ ಎಲ್ಲಿ ಎಚ್ಚರ ವಹಿಸಬಹುದೋ ಅಲ್ಲಿಂದ ಶುರು ಮಾಡಿ. ಕಬ್ಬು ಕಡಿದ ಮೇಲೆ ಉಳಿಯುವ ರವದಿಗೆ (ಒಣ ಗರಿಗೆ) ಬೆಂಕಿ ಹಾಕುತ್ತೀರಲ್ಲ, ಅದರಲ್ಲಿ ಹಲ್ಲಿ, ಹಾವಿನ ಮರಿ, ಜೇಡ, ಗೂಡಿನಲ್ಲಿರುವ ಮೊಟ್ಟೆ ಎಲ್ಲ ಸುಟ್ಟು ಹೋಗುತ್ತವೆ, ಅದು ಬೆಳೆ ಉಳಿಸಲಿಕ್ಕೂ ಅಲ್ಲ, ಕೆಲಸ ಬೇಗ ಮುಗಿಯಲಿ ಅಂತ. ರವದಿಯನ್ನು ಸಾಲಿನಲ್ಲಿ ಹಾಸಿಬಿಟ್ಟರೆ ಕೊಳೆತು ಗೊಬ್ಬರ ಆಗುತ್ತದೆ. ಹೂ ಬಿಟ್ಟಾಗ ಔಷಧ ಹೊಡೆಯಬೇಡಿ, ಜೇನು ಸಾಯುತ್ತವೆ. ಬೇವಿನ ಬೀಜದ ಕಷಾಯ ಮೊದಲೇ ಹೊಡೆದರೆ ಹುಳ ಎಲೆ ಮುಟ್ಟುವುದೇ ಕಡಿಮೆ.

ಈ ಅಹಿಂಸಾ ವ್ರತದ ಐದು ಅತಿಚಾರ, ಅಂದರೆ ವ್ರತಕ್ಕೆ ಬರುವ ದೋಷ, ಯಾವುವು ಗೊತ್ತಲ್ಲ? ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಯಾಗಿ ಭಾರ ಹೇರುವುದು, ಅನ್ನ ನೀರು ತಪ್ಪಿಸುವುದು. ಫ್ಯಾಕ್ಟರಿ ಹಂಗಾಮಿನಲ್ಲಿ ಕಬ್ಬಿನ ಗಾಡಿ ಎಳೆಯುವ ಎತ್ತುಗಳನ್ನು ನೋಡಿ, ಕಾಲು ಜಾರಿ ಮಂಡಿ ಊರಿದ್ದರೂ ಬಾರುಕೋಲು ಬೀಳುತ್ತಿರುತ್ತದೆ. ನಿಮ್ಮ ಕಬ್ಬು ಹೋಗುವ ಗಾಡಿಯ ಹೇರು ನಿಮ್ಮ ಕೈಯಲ್ಲಿದೆ.

ಕಬ್ಬಿನ ಹೊಲ
ನಿಷ್ಠುರ ಅವರೇ, ಹೆಸರಿಗೆ ತಕ್ಕ ಹಾಗೆ ಹೇಳಿದಿರಿ. ರವದಿ ಸುಡುವುದು ಈ ಹಂಗಾಮಿನಿಂದಲೇ ಬಂದ್, ಅಪ್ಪನನ್ನು ಒಪ್ಪಿಸುವುದು ನನ್ನ ಪಾಡು. ಔಷಧದ ವಿಷಯ ಮುನಿಗಳ ಮುಂದೆಯೇ ಬಿಚ್ಚಿ ಹೇಳಿ ಕೇಳುತ್ತೇನೆ. ಇನ್ನೊಂದು, ಸಾಮಾಯಿಕಕ್ಕೆ (ದಿನದ ಧ್ಯಾನಕ್ಕೆ) 48 ನಿಮಿಷ ಕೂರಲೇಬೇಕಾ? ಬೆಳಗ್ಗೆ ಹಾಲು ಕರೆಯುವ ಗಡಿಬಿಡಿ.

ಸಾವಿರ ಕಂಬ
ಒಂದು ಮುಹೂರ್ತ ಅಂದರೆ 48 ನಿಮಿಷವೇ. ಮೊದಮೊದಲು ಸಂಜೆ ಒಂದು ಹೊತ್ತು, ಆದಷ್ಟು ಹೊತ್ತು ಕೂತು ರೂಢಿ ಮಾಡಿಕೊಳ್ಳಿ. ಣಮೋಕಾರ ಮಂತ್ರ ಜಪ ಮಾಡಿ, ಆಮೇಲೆ ಆ ದಿನ ಹೊಲದಲ್ಲಿ ಏನೇನು ಆಯಿತು ಅಂತ ನೆನೆಸಿಕೊಳ್ಳಿ, ಹುಳದ್ದೂ ಸೇರಿ. ಮೋಟರಿಗೆ ರಾತ್ರಿ ಕರೆಂಟ್ ಕೊಡುವ ವಾರ ಬಿಟ್ಟು ಶುರು ಮಾಡಿ, ಇಲ್ಲಾಂದ್ರೆ ಕೂತಲ್ಲೇ ತೂಕಡಿಸುತ್ತೀರಿ.