ಮಡಚಿದ ಹಾಳಿ ಆಟ: 8 ಮಂದಿಗಿ ನಡೀತದೋ ಇಲ್ಲೋ

*ಕುಟುಂಬದ ಗುಂಪು, ಕಲಬುರಗಿ*

ಮಾವ (ಸೇಡಂ): [ಫಾರ್ವರ್ಡ್ ಆದ ಚಿತ್ರ] "ಹಾಳೆ ಮಡಚುವ ಆಟ. 8 ಜನ, 1 ಹಾಳೆ. ಮೊದಲನೆಯವರು ಗಾದೆ ಬರೆಯಿರಿ, ಎರಡನೆಯವರು ಚಿತ್ರ, ಮೂರನೆಯವರು ಚಿತ್ರ ನೋಡಿ ವಾಕ್ಯ. ಬಹಮನಿ ಕಾಲದ ಆಟ!"
ಶರಣಬಸವೇಶ್ವರ ಜಾತ್ರಿಗಿ ಎಲ್ಲಾರೂ ಬರ್ತೀರಲ್ಲ, ಇದೇ ಆಡ್ಸೋಣು.

ದೊಡ್ಡಕ್ಕ: ಇದು ಬರ್ದಾಂವ ಒಮ್ಮಿನೂ ಆಡಿಲ್ಲ ಬಿಡ್ರಿ. ಒಂದೇ ಹಾಳಿ ಅಂದ್ರ ಒಬ್ಬಾಂವ ಬರೀತಾನ, ಏಳು ಮಂದಿ ಮಾರಿ ಮಾರಿ ನೋಡ್ಕೋತ ಕೂಡ್ತಾರ. ಎಷ್ಟು ಮಂದಿ ಅಷ್ಟು ಹಾಳಿ. ಒಮ್ಮೆಗೇ ಬರ್ದು ಬಲಕ್ಕ ದಾಟ್ಸೋದು, ಹಿಂದಿನಾಂವ ಬರ್ದಿದ್ದಷ್ಟೇ ಕಾಣಂಗ ಅದರ ಮೊದಲಿಂದು ಮಡಚಿ ಮುಚ್ಚೋದು.

ಕಾಕಾ: ಬಹಮನಿ ಅಂತ! 😂 ಮಡಚಿ ಚಿತ್ರ ತೆಗ್ಯೋದಕ್ಕ ಹೆಸರು ಬಂದಿದ್ದು 1925ರ ಸುಮಾರ ಪ್ಯಾರಿಸ್‌ದಾಗ. ಬ್ರೆತೋನ್, ಪ್ರೆವೆರ್ ಅನ್ನೋ ಫ್ರೆಂಚ್ ಕವಿಗಳ ಮಂದಿ ಆಡ್ತಿದ್ರು.

ಮಾವ: ಆಯ್ತಪ್ಪ, 8 ಹಾಳಿ. ಉಳ್ದಿದ್ದು ಬರಾಬರ್ ಅದಲ್ಲ?

ತಮ್ಮ: ಇಲ್ರಿ. 8ನೇ ಕೈ ಚಿತ್ರದ್ದು. ಬೆಸ ಇದ್ರ ವಾಕ್ಯಕ್ಕ ಮುಗೀತದ, ಸಮ ಇದ್ರ ಚಿತ್ರಕ್ಕ. ಮೊದಲ ವಾಕ್ಯ, ಕಡೀ ವಾಕ್ಯ ಜೋಡಿ ಓದ್ದಾಗೇ ನಗಿ ಬರೋದು.

ಮಾವ: ಹಂಗಾರ ಜಾತ್ರಿ ದಿನ ಒಬ್ಬರಿಗಿ ಎದ್ದೇಳು ಅನ್ಲ್ಯಾ?

ದೊಡ್ಡಕ್ಕ: ಯಾರೂ ಏಳೋದು ಬ್ಯಾಡ. 7ನೇ ಕೈಗಿ ನಿಲ್ಸ್ರಿ. ಎಲ್ಲಾರಿಗೂ 7 ಸರ್ತಿ ಕೆಲಸ ಸಿಗ್ತದ. ಆಮ್ಯಾಲ ಎರಡು ಸಲ ದಾಟಿಸಿದ್ರ ಹಾಳಿ ಅದರ ಧಣಿ ಕೈಗೇ ವಾಪಸ್.

ಕಾಕಾ: ಎ4 ಹಾಳಿಗೂ 7ಏ ಕೂಡ್ತದ. ಉದ್ದ 297 ಮಿಮೀ. ವಾಕ್ಯಕ್ಕ 25, ಚಿತ್ರಕ್ಕ 65. 4 ವಾಕ್ಯ 100, 3 ಚಿತ್ರ 195, ಒಟ್ಟು 295. ಅಂಚಿಗಿ ಮೊದಲೇ ಗೀಟು ಹಾಕಿಡ್ರಿ, ಇಲ್ಲಂದ್ರ ಮೊದಲ ಚಿತ್ರದಾಂವ ಅರ್ಧ ಹಾಳಿ ನುಂಗ್ತಾನ.

ಸೊಸಿ: ಮಡಚೋದು ಮುಂದಕ್ಕೋ ಹಿಂದಕ್ಕೋ?

ಕಾಕಾ: ಹಿಂದಕ್ಕ. ಮುಂದಕ್ಕ ಮಡಚಿದ್ರ ವಾಕ್ಯದ ಪಟ್ಟಿ ಚಿತ್ರದ ಮ್ಯಾಲೇ ಬಂದು ಕೂಡ್ತದ. ಹಿಂದಕ್ಕ ಮಡಚಿದ್ರ ಇನ್ನೊಂದು ತಕರಾರು: ಬರ್ದಿದ್ದು ಹಿಂಬದಿಗಿ ಹೊರಗ ಬರ್ತದ, ಹಾಳಿ ಹೊಳ್ಳಿಸಿದ್ರ ಸಾಕು ಓದಬಹುದು. ಅದಕ್ಕೇ ಕ್ಲಿಪ್ಪಿನ ಪರೀಕ್ಷಾ ರಟ್ಟು ಬೇಕು. ಮಡಕಿ ರಟ್ಟಿನ ಕಡಿ ಮುಚ್ಕೋತದ, ಕ್ಲಿಪ್ಪು ಹಿಡೀತದ. 5ನೇ ಕೈಗಿ ಮಡಕಿ ದಪ್ಪಾಗಿ ಪೆನ್ಸಿಲ್ ಕುಣೀತದ, ಆಗ ಕ್ಲಿಪ್ಪು ಬಿಗಿಯಾಗೇ ಇರ್ಬೇಕು.

ತಮ್ಮ: ಚಿತ್ರಕ್ಕ 1 ನಿಮಿಷದ ಮ್ಯಾಲ ಕೊಡಬ್ಯಾಡ್ರಿ. ಹೆಚ್ಚು ಕೊಟ್ರ ಚಲೋ ತೆಗೀತಾರ, ವಾಕ್ಯ ಕೆಡಂಗೇ ಇಲ್ಲ. ಚಿತ್ರದಾಗ ಅಕ್ಷರ, ಅಂಕಿ ಬರಿಯಂಗಿಲ್ಲ.

ದೊಡ್ಡಕ್ಕ: ಗಾದಿನೂ ಬ್ಯಾಡ.

ಮಾವ: ಯಾಕ? ಎಲ್ಲಾರಿಗೂ ಗೊತ್ತಿರ್ತಾವಲ್ಲ.

ದೊಡ್ಡಕ್ಕ: ಅದೇ ರೋಗ. "ಮಂಗನ ಕೈಯಾಗ ಮಾಣಿಕ್ಯ" ಕೊಟ್ರ ಎರಡನೆಯಾಂವ ಮಂಗ್ಯಾ ತೆಗೀತಾನ, ಕೈಯಾಗ ಒಂದು ದುಂಡಂದು. ಅದು ಬಟಾಟಿ ಕಂಡಂಗ ಕಂಡ್ರೂ ಮೂರನೆಯಾಕಿ ಗಾದಿನೇ ಬರ್ದುಬಿಡ್ತಾಳ. ಕೆಟ್ಟಿದ್ದು ತಾನೇ ರಿಪೇರಿ! ಯಾರು, ಎಲ್ಲಿ, ಏನ್ ಮಾಡ್ಲಾಕತ್ತದ, ಇಷ್ಟೇ ಇರ್ಲಿ: "ಕಿಲ್ಲಾದಾಗಿನ ತೋಪಿನ ಮ್ಯಾಲ ಎಮ್ಮಿ ಕುಂತು ಶೇಂಗಾ ಹಿಂಡಿ ತಿಂತದ". ಹಿಂಡಿ ಉಸುಕು ಆಗ್ತದ, ತೋಪು ಪೈಪ್ ಆಗ್ತದ, ಎಮ್ಮಿ ಏನಾಗ್ತದೋ ಯಾರಿಗೆ ಗೊತ್ತು.

ಮಾವ: ಸ್ವಾಭಿಮಾನ, ಭಕ್ತಿ, ಅಂಥಾ ದೊಡ್ಡ ಮಾತು?

ತಮ್ಮ: ಭಕ್ತಿ ಹ್ಯಾಂಗ ತೆಗೀತೀರಿ ಮಾವ? ಎಲ್ಲಾರೂ ಕೈ ಮುಗ್ದಿದ್ದೇ ತೆಗೀತಾರ, ಮುಂದಿನಾಂವ "ನಮಸ್ಕಾರ" ಅಂತಾನ.

ಸೊಸಿ: ರಟ್ಟು ಸಿಗಲ್ಲ, ಹುಡುಗರ್ದು ಪರೀಕ್ಷಾ ನಡ್ದದ.

ಕಾಕಾ: ಹಳೀ ಕ್ಯಾಲೆಂಡರ್ ರಟ್ಟು ಕತ್ತರ್ಸ್ರಿ, ಬಟ್ಟಿ ಒಣಗ್ಸೋ ಚಿಮಟಾ ಹಾಕ್ರಿ. ಮ್ಯಾಲ ಎರಡು.

ಮಾವ: ಚಿಮಟಾ ನಾ ತರ್ತೀನಿ. ಗಾದಿ ಮಾತ್ರ ಬಿಡಂಗಿಲ್ಲ.