ಈಜುಕೊಳದ ಫಿಲ್ಟರ್ ಮರಳನ್ನು ಬದಲಿಸಲೇಬೇಕೆ, ತೊಳೆದರೆ ಸಾಲದೆ?

ಬೆಟ್ಟದಡಿ (ಚಿಕ್ಕಬಳ್ಳಾಪುರ):

ನಂದಿ ಬೆಟ್ಟದ ತಪ್ಪಲಿನಲ್ಲಿ ನಮ್ಮದೊಂದು ತೋಟದ ಮನೆಯಿದೆ. ವಾರದ ಕೊನೆಗೆ ಬರುವ ಅತಿಥಿಗಳಿಗಾಗಿ ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಈಜುಕೊಳವನ್ನು ನಡೆಸುತ್ತಿದ್ದೇವೆ. ಸುಮಾರು 60 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಪಂಪು ಒಂದು ಎಚ್.ಪಿ.ಯದು. ಫಿಲ್ಟರು 24 ಇಂಚು ವ್ಯಾಸದ ಫೈಬರ್ ಟ್ಯಾಂಕು, ಅದರ ನೆತ್ತಿಯ ಮೇಲೆ ನೀರಿನ ದಾರಿ ಬದಲಿಸುವ ಆರು ಸ್ಥಾನಗಳ ಮಲ್ಟಿಪೋರ್ಟ್ ವಾಲ್ವು. ತೋಟವನ್ನು ಕೊಂಡಾಗಲೇ ಇದ್ದ ವ್ಯವಸ್ಥೆಯಾದ್ದರಿಂದ ಮರಳಿಗೆ ಆರು ವರ್ಷವಾದರೂ ಆಗಿರಬೇಕು.

ಈಗ ತೊಂದರೆ ಹೀಗಿದೆ. ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಮರಳಿನ ಕೊಳೆಯನ್ನು ಹೊರಹಾಕುವುದು) ಮಾಡಿದ ಮೇಲೆ ಮಾಪಕ 0.8 ಕೆ.ಜಿ. ಒತ್ತಡ ತೋರಿಸುತ್ತದೆ, ಮೊದಲು ವಾರವಿಡೀ ಹಾಗೆಯೇ ನಿಲ್ಲುತ್ತಿದ್ದುದು ಈಗ ಎರಡೇ ದಿನಕ್ಕೆ 1.4ಕ್ಕೆ ಏರುತ್ತದೆ. ಕ್ಲೋರಿನ್ ಸರಿಯಾಗಿದ್ದರೂ ನೀರು ಹಾಲು ಬೆರೆಸಿದಂತೆ ಮಂಕಾಗಿದೆ. ಜೊತೆಗೆ ಕೊಳಕ್ಕೆ ನೀರು ಬಂದು ಬೀಳುವ ಬಾಯಿಗಳ ಕೆಳಗೆ ತೆಳುವಾಗಿ ಮರಳು ಕೂರುತ್ತಿದೆ. ನೀರು ಸಾವಿರ ಅಡಿ ದಾಟಿದ ಕೊಳವೆಬಾವಿಯದು, ಬೇಸಿಗೆಯಲ್ಲಿ ಟ್ಯಾಂಕರಿನದು. ಕ್ಲೋರಿನ್ನಿಗಾಗಿ ಬ್ಲೀಚಿಂಗ್ ಪುಡಿ ಹಾಕುತ್ತೇವೆ.

ನೋಡಲು ಬಂದ ಮೆಕ್ಯಾನಿಕ್ ಮರಳನ್ನು ಪೂರ್ತಿ ಬದಲಿಸಬೇಕೆಂದರು. ಊರಿನಲ್ಲಿ ಒಬ್ಬರು ಕಟ್ಟಡ ಕೆಲಸದ ಮರಳನ್ನೇ ಜರಡಿ ಹಿಡಿದು ಕೊಡುವುದಾಗಿ ಹೇಳುತ್ತಿದ್ದಾರೆ. ಬದಲಿಸುವುದು ನಿಜವಾಗಿ ಅಗತ್ಯವೇ, ಅಗತ್ಯವಾದರೆ ಈ ಕೆಲಸವನ್ನು ನಾವೇ ಮಾಡಿಕೊಳ್ಳಬಹುದೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಪಂಪ್‌ಮನೆ (ಕೋಲಾರ):

ತಾವು ಹೇಳಿದ ಲಕ್ಷಣಗಳಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಒತ್ತಡ ಬೇಗ ಏರುವುದು, ನೀರು ಮಂಕಾಗುವುದು ಮರಳಿನ ತೊಂದರೆ. ಕೊಳಕ್ಕೆ ಮರಳು ಬರುವುದು ಮಾತ್ರ ಹಾಗಲ್ಲ. ಟ್ಯಾಂಕಿನ ತಳದಲ್ಲಿ ಚಕ್ರದ ಕಡ್ಡಿಗಳಂತೆ ಹರಡಿಕೊಂಡಿರುವ ಲ್ಯಾಟರಲ್ ಎಂಬ ಸೀಳುಕೊಳವೆಗಳಲ್ಲಿ ಒಂದು ಬಿರುಕು ಬಿಟ್ಟಿರುವುದರ ಅಥವಾ ನಡುಕೊಳವೆ ತನ್ನ ಜಾಗದಿಂದ ಕದಲಿರುವುದರ ಗುರುತು ಅದು. ಹೊಸ ಮರಳು ಹಾಕಿದ ಕೂಡಲೇ ಒಂದೆರಡು ದಿನ ನುಣ್ಣನೆಯ ಹುಡಿ ಬರುವುದುಂಟು, ಆದರೆ ಆರು ವರ್ಷ ಹಳೆಯ ಮರಳು ಬರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಲ್ಯಾಟರಲ್ ನೋಡಬೇಕಾದರೆ ಮರಳನ್ನೆಲ್ಲ ಹೊರಗೆ ತೆಗೆಯಲೇಬೇಕು. ಅಷ್ಟು ಮೈಮುರಿದು ತೆಗೆದ ಹಳೆಯ ಮರಳನ್ನೇ ಮತ್ತೆ ಒಳಗೆ ತುಂಬುವುದರಲ್ಲಿ ಅರ್ಥವಿಲ್ಲವೆಂದು ನನ್ನ ಅಭಿಪ್ರಾಯ.

ಕಟ್ಟಡದ ಮರಳನ್ನು ದಯವಿಟ್ಟು ಹಾಕಬೇಡಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಫಿಲ್ಟರ್ ಮರಳು ಎಂದು ಕೇಳಿದರೆ ಕೆರೆಯಂಗಳದ ಮಣ್ಣನ್ನು ತೊಳೆದು ತೆಗೆದ ಮರಳನ್ನೇ ತಂದು ಸುರಿಯುತ್ತಾರೆ. ಅದರಲ್ಲಿ ಜೇಡಿಯೂ ಅಭ್ರಕವೂ ಉಳಿದಿರುತ್ತವೆ. ಎಂ ಸ್ಯಾಂಡಿನಲ್ಲಿ ಕಲ್ಲಿನ ಹುಡಿ ವಿಪರೀತ. ನಿಮಗೆ ಬೇಕಾದುದು ಒಂದೇ ಗಾತ್ರದ ಕಣಗಳಿರುವ, ತೊಳೆದು ಒಣಗಿಸಿದ ಸಿಲಿಕಾ ಮರಳು. ಇಂಥ ಟ್ಯಾಂಕುಗಳಿಗೆ ಸಾಮಾನ್ಯವಾಗಿ ಹೇಳುವ ಗಾತ್ರ 0.45ರಿಂದ 0.55 ಮಿ.ಮೀ.; ನಿಮ್ಮ ಟ್ಯಾಂಕಿನ ಲೇಬಲ್ಲಿನಲ್ಲಿ ಬೇರೆ ಗಾತ್ರವಿದ್ದರೆ ಅದನ್ನೇ ಪಾಲಿಸಿ. ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದೇನಿಲ್ಲ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿಯೂ ಆರ್.ಓ.ಗೆ ಮುಂಚೆ ಒಂದು ಮರಳಿನ ಟ್ಯಾಂಕು ಇರುವುದರಿಂದ, ಆ ಘಟಕಗಳಿಗೆ ಸಾಮಾನು ಪೂರೈಸುವ ಅಂಗಡಿಗಳಲ್ಲಿ ವಿಚಾರಿಸಿದರೆ ಚೀಲದ ಮೇಲೆ ಗಾತ್ರ ಮುದ್ರಿಸಿದ ಮರಳು ಸಿಗುತ್ತದೆ.

ಕೆಲಸವನ್ನು ಇಬ್ಬರು ಸೇರಿ ನೀವೇ ಮಾಡಬಹುದು. ಮೊದಲು ಪಂಪಿನ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲೇ ತೆಗೆದು, ಕೊಳದ ಕಡೆಯ ವಾಲ್ವುಗಳನ್ನು ಮುಚ್ಚಿ, ಟ್ಯಾಂಕಿನ ಒತ್ತಡವನ್ನು ಬಿಟ್ಟು, ತಳದ ಬಿರಡೆ ಬಿಚ್ಚಿ ನೀರನ್ನು ಬಸಿಯಲು ಬಿಡಿ. ಮಲ್ಟಿಪೋರ್ಟನ್ನು ಕಳಚುವ ಮುಂಚೆ ಅದು ಯಾವ ದಿಕ್ಕಿಗೆ ಕುಳಿತಿದೆ ಎಂಬುದಕ್ಕೆ ಟ್ಯಾಂಕಿನ ಮೇಲೂ ವಾಲ್ವಿನ ಮೇಲೂ ಮಾರ್ಕರಿನಿಂದ ಗೆರೆ ಎಳೆದಿಟ್ಟುಕೊಳ್ಳಿ. ವಾಲ್ವು ಎತ್ತಿದೊಡನೆ ನಡುಕೊಳವೆಯ ಬಾಯಿ ಕಾಣುತ್ತದೆ; ಮರಳನ್ನು ಮುಟ್ಟುವುದಕ್ಕೆ ಮೊದಲೇ ಆ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಟೇಪು ಸುತ್ತಿಬಿಡಬೇಕು. ಅದರೊಳಗೆ ಒಂದು ಹಿಡಿ ಮರಳು ಬಿದ್ದರೂ ಅದು ಪಂಪು ಶುರುವಾದೊಡನೆ ನೇರವಾಗಿ ಕೊಳಕ್ಕೇ ಹೋಗುತ್ತದೆ.

ಒದ್ದೆ ಮರಳನ್ನು ತೋಡುವುದಕ್ಕೆ ಕರಣೆಯನ್ನಾಗಲಿ ಕಬ್ಬಿಣದ ಸಲಿಕೆಯನ್ನಾಗಲಿ ಬಳಸಬಾರದು. ನಮ್ಮ ಹುಡುಗರು ತೆಂಗಿನ ಚಿಪ್ಪಿನಲ್ಲಿ ತೋಡುತ್ತಾರೆ: ಕೈಗೆ ಹಿಡಿತ ಸಿಗುತ್ತದೆ, ಕಿರಿದಾದ ಬಾಯಿಯೊಳಗೆ ತಿರುಗುತ್ತದೆ, ಲ್ಯಾಟರಲ್ಲಿಗೆ ತಾಗಿದರೂ ಗೀರು ಬೀಳುವುದಿಲ್ಲ. ಕೊನೆಯ ಅರ್ಧ ಅಡಿಯನ್ನು ಬರಿಗೈಯಲ್ಲೇ ತೆಗೆಯುವುದು ಒಳ್ಳೆಯದು. ಆಮೇಲೆ ಪ್ರತಿಯೊಂದು ಲ್ಯಾಟರಲ್ಲನ್ನೂ ಬಿಚ್ಚಿ, ಬೆಳಕಿಗೆ ಹಿಡಿದು, ಕೂದಲೆಳೆಯಂಥ ಸೀಳುಗಳು ಅಗಲವಾಗಿವೆಯೇ, ಬುಡದ ತಿರುಪು ಮುರಿದಿದೆಯೇ ಎಂದು ಪರೀಕ್ಷಿಸಿ. ಮತ್ತೆ ಕೂರಿಸುವಾಗ ಕೈಯಿಂದ ಬಿಗಿ ಮಾಡಿದರೆ ಸಾಕು.

ಹೊಸ ಮರಳನ್ನು ತುಂಬುವ ಮೊದಲು ಟ್ಯಾಂಕಿಗೆ ಅರ್ಧದವರೆಗೆ ನೀರು ಬಿಡಿ. ಖಾಲಿ ಟ್ಯಾಂಕಿಗೆ ಚೀಲವನ್ನೆತ್ತಿ ಒಮ್ಮೆಗೇ ಸುರಿದರೆ ಆ ಪೆಟ್ಟಿಗೇ ಲ್ಯಾಟರಲ್ ಮುರಿಯುತ್ತದೆ. ನಾನು ನೋಡಿರುವ ಬಿರುಕುಗಳಲ್ಲಿ ಹೆಚ್ಚಿನವು ತುಂಬಿದ ದಿನವೇ ಆದವು ಎಂದು ನನಗೆ ಅನ್ನಿಸುತ್ತದೆ. ನೀರಿದ್ದರೆ ಮರಳು ಮೆಲ್ಲಗೆ ಇಳಿದು ಕೂರುತ್ತದೆ.

ಚೀಲ ಬಿಚ್ಚುವಾಗ ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಇರಲೇಬೇಕು, ಸಾಧ್ಯವಾದರೆ ಮರಳನ್ನು ಚೀಲದಲ್ಲೇ ತೇವ ಮಾಡಿಕೊಳ್ಳಬೇಕು. ಕೆ.ಜಿ.ಎಫ್. ಗಣಿಗಳು 2001ರಲ್ಲಿ ಮುಚ್ಚಿದರೂ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಒಂದು ದಿನದ ಕೆಲಸಕ್ಕೆ ಸಿಲಿಕೋಸಿಸ್ ಎಂಬ ಆ ಶ್ವಾಸಕೋಶದ ಕಾಯಿಲೆ ಬರುವುದಿಲ್ಲ ಎನ್ನುವುದು ನಿಜ, ಆದರೆ ತಿಂಗಳಿಗೆ ನಾಲ್ಕು ಟ್ಯಾಂಕು ತುಂಬುವ ಹುಡುಗನಿಗೆ ಆ ಮಾತು ಹೇಳಲಾಗದು.

ಕಲ್ಪತರು ನಾಡಿನವ (ತುಮಕೂರು):

ಲ್ಯಾಟರಲ್ ವಿಚಾರದಲ್ಲಿ ಮೇಲಿನವರು ಹೇಳಿರುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಐದು ವರ್ಷಕ್ಕೊಮ್ಮೆ ಮರಳು ಬದಲಿಸಲೇಬೇಕೆಂಬ ಮಾತು ರೂಢಿಯಾಗಿಬಿಟ್ಟಿದೆ, ಅದಕ್ಕೆ ನನ್ನ ತಕರಾರಿದೆ. ಸಿಲಿಕಾ ಅಷ್ಟು ಬೇಗ ಸವೆಯುವ ವಸ್ತುವಲ್ಲ. ಅದನ್ನು ಕೆಡಿಸುವುದು ಮೈಯೆಣ್ಣೆ, ಸನ್‌ಸ್ಕ್ರೀನಿನ ಜಿಡ್ಡು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಡೆಯ ಗಡಸು ನೀರಿನ ಸುಣ್ಣ. ಸುಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗಂಟು ಕಟ್ಟುತ್ತದೆ. ನೀರು ಆ ಗಂಟುಗಳ ನಡುವೆ ತನಗೆ ಬೇಕಾದ ಕಡೆ ದಾರಿ ಕೊರೆದುಕೊಂಡು ಸೋಸದೆಯೇ ಕೆಳಗಿಳಿಯುತ್ತದೆ. ಮರಳು ಹೊಸದೋ ಹಳೆಯದೋ ಎಂಬ ಪ್ರಶ್ನೆ ಇಲ್ಲಿ ಮುಖ್ಯವೇ ಅಲ್ಲ.

ತಾವೇ ಪರೀಕ್ಷಿಸಬಹುದು. ಟ್ಯಾಂಕು ತೆರೆದಾಗ ಮೇಲಿನಿಂದ ಒಂದು ಗೇಣು ಕೆಳಗಿರುವ ಮರಳನ್ನು ಒಂದು ಹಿಡಿ ತೆಗೆದು, ಒಳ್ಳೆಯ ನೀರಿನಲ್ಲಿ ಕ್ಲೋರಿನ್ ಹೋಗುವಂತೆ ನಾಲ್ಕಾರು ಸಲ ತೊಳೆದು, ಗಾಜಿನ ಲೋಟದಲ್ಲಿ ಹಾಕಿ ಅಡುಗೆಮನೆಯ ವಿನೆಗರ್ ಸುರಿಯಿರಿ. ಅಪ್ಪಟ ಸಿಲಿಕಾ ಸುಮ್ಮನಿರುತ್ತದೆ. ಕಣಗಳ ಮೈಯಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದರೆ ಅದು ಸುಣ್ಣವೇ.

ಸುಣ್ಣ ತೆಳುವಾಗಿದ್ದು ಗಂಟು ಕಟ್ಟಿಲ್ಲದಿದ್ದರೆ, ಫಿಲ್ಟರ್ ತೊಳೆಯಲೆಂದೇ ಬರುವ ಆಮ್ಲದ ದ್ರಾವಣದಲ್ಲಿ ನೆನೆಸಿ ಬ್ಯಾಕ್‌ವಾಶ್ ಮಾಡಿದರೆ ಮರಳು ಇನ್ನೂ ಕೆಲವು ವರ್ಷ ಬಾಳುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಆಮ್ಲವೂ ಬ್ಲೀಚಿಂಗ್ ಪುಡಿಯೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಪಂಪುಕೋಣೆಯಲ್ಲಿ ಅದು ಪ್ರಾಣಾಂತಿಕ. ಗಂಟುಗಳು ಕೈಯಲ್ಲಿ ಹಿಚುಕಿದರೂ ಒಡೆಯದಷ್ಟು ಗಟ್ಟಿಯಾಗಿದ್ದರೆ ತೊಳೆಯುವ ಯೋಚನೆಯನ್ನು ಬಿಟ್ಟು ಹೊಸದನ್ನೇ ಹಾಕಿ.

ಆದರೆ ಮರಳು ಬದಲಿಸಿ ಬ್ಲೀಚಿಂಗ್ ಪುಡಿಯನ್ನು ಮುಂದುವರಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಆ ಪುಡಿಯಲ್ಲಿ ಲಭ್ಯವಿರುವ ಕ್ಲೋರಿನ್ ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ, ಉಳಿದುದರಲ್ಲಿ ಸುಣ್ಣದ್ದೇ ದೊಡ್ಡ ಪಾಲು. ಅದು ನೀರಿನ ಪಿ.ಎಚ್. ಅನ್ನೂ ಏರಿಸುತ್ತದೆ, ಪಿ.ಎಚ್. ಏರಿದಷ್ಟೂ ಕೊಳವೆಬಾವಿಯ ನೀರಿನಲ್ಲಿ ಮೊದಲೇ ಕರಗಿರುವ ಕ್ಯಾಲ್ಸಿಯಂ ಹೊರಬಿದ್ದು ಮರಳಿನ ಮೇಲೆ ಕೂರುತ್ತದೆ. ನಿಮ್ಮ ನೀರು ಹಾಲಿನಂತಿರುವುದಕ್ಕೆ ಇದೇ ಕಾರಣವಿರಬೇಕು. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಕ್ಯಾಲ್ಸಿಯಂ ಇಲ್ಲ. ಅದಕ್ಕೆ ಬದಲಾಯಿಸಿಕೊಂಡು, ಆಗಾಗ ಸ್ವಲ್ಪ ಆಮ್ಲ ಕೊಟ್ಟು ಪಿ.ಎಚ್. ಅನ್ನು 7.2ರಿಂದ 7.6ರ ಒಳಗೆ ಹಿಡಿದಿಟ್ಟುಕೊಳ್ಳಿ. ಕ್ಯಾಲ್ಸಿಯಂ ಗಡಸುತನ ಲೀಟರಿಗೆ 200ರಿಂದ 400 ಮಿ.ಗ್ರಾಂ ಇದ್ದರೆ ಕೊಳಕ್ಕೆ ಹಿತ. ಟ್ಯಾಂಕರಿನ ನೀರು ಒಂದೊಂದು ಲೋಡಿಗೂ ಬೇರೆ ಬೇರೆ ಬಾವಿಯದಾಗಿರುವುದರಿಂದ ತುಂಬಿಸಿದ ಮೇಲೊಮ್ಮೆ ಪರೀಕ್ಷಿಸುವುದು ಕ್ಷೇಮ.

ಬೆಟ್ಟದಡಿ (ಚಿಕ್ಕಬಳ್ಳಾಪುರ):

ಇಬ್ಬರಿಗೂ ವಂದನೆಗಳು. ಟ್ಯಾಂಕು ತೆರೆದು ನೋಡಿದೆವು. ಮೇಲಿನ ಪದರ ಸಡಿಲವಾಗಿಯೇ ಇತ್ತು, ಅದರ ಕೆಳಗೆ ಮಾತ್ರ ನಿಂಬೆಹಣ್ಣಿನ ಗಾತ್ರದ ಬೂದುಬಣ್ಣದ ಗಂಟುಗಳು. ಕೆಲವನ್ನು ನೆಲಕ್ಕೆ ಕುಕ್ಕಿದ ಮೇಲೆಯೇ ಒಡೆದವು. ವಿನೆಗರಿಗೆ ಗುಳ್ಳೆಗಳು ಎದ್ದವು. ಒಂದು ಲ್ಯಾಟರಲ್ ಬುಡದಲ್ಲಿ ಅರ್ಧ ಸುತ್ತು ಬಿರುಕು ಬಿಟ್ಟಿತ್ತು. ಆದ್ದರಿಂದ ಮರಳನ್ನು ಬದಲಿಸುವುದೆಂದೇ ತೀರ್ಮಾನಿಸಿದ್ದೇವೆ. ಟ್ಯಾಂಕಿನ ಲೇಬಲ್ಲು ಬಿಸಿಲಿಗೆ ಮಾಸಿಹೋಗಿ ಓದಲು ಬಾರದು. ಎಷ್ಟು ಮರಳು ತರಿಸಬೇಕು? ಅಂಗಡಿಯವರು ಮರಳಿನ ಬದಲು ಗಾಜಿನ ಹರಳು ಹಾಕಿ ಎನ್ನುತ್ತಿದ್ದಾರೆ, ಅದು ಹೇಗೆ? ಬ್ಯಾಕ್‌ವಾಶ್ ನೀರನ್ನು ದ್ರಾಕ್ಷಿ ಸಾಲಿಗೆ ಬಿಡಬಹುದೇ ಎಂಬುದನ್ನೂ ತಿಳಿಸಿ. ಇಲ್ಲಿ ನೀರನ್ನು ಚರಂಡಿಗೆ ಬಿಡಲು ಮನಸ್ಸು ಬರುವುದಿಲ್ಲ.

ಪಂಪ್‌ಮನೆ (ಕೋಲಾರ):

24 ಇಂಚಿನ ಟ್ಯಾಂಕುಗಳು ಸಾಮಾನ್ಯವಾಗಿ 130ರಿಂದ 150 ಕೆ.ಜಿ. ಮರಳು ಹಿಡಿಯುತ್ತವೆ. 50 ಕೆ.ಜಿ.ಯ ಮೂರು ಚೀಲ ತರಿಸಿ, ಮೂರನೆಯದನ್ನು ನೋಡಿಕೊಂಡು ಹಾಕಿ. ತಯಾರಕರ ಜಾಲತಾಣದಲ್ಲಿ ಮಾದರಿಯ ಹೆಸರು ಹುಡುಕಿದರೆ ನಿಖರವಾದ ತೂಕ ಸಿಗಬಹುದು, ಸಿಕ್ಕರೆ ಅದನ್ನೇ ನಂಬಿ. ಟ್ಯಾಂಕಿನ ಮೇಲ್ಭಾಗದಲ್ಲಿ ಮೂರನೇ ಒಂದು ಪಾಲು ಖಾಲಿ ಇರಬೇಕು. ಬ್ಯಾಕ್‌ವಾಶ್ ಮಾಡುವಾಗ ಮರಳು ಮೇಲೆದ್ದು ಹಿಗ್ಗುವುದಕ್ಕೆ ಜಾಗವಿಲ್ಲದಿದ್ದರೆ ಅದು ಚರಂಡಿಯ ಪಾಲಾಗುತ್ತದೆ. ಗಾಜಿನ ಹರಳು ಒಳ್ಳೆಯದೇ, ತೂಕದಲ್ಲಿಯೂ ಶೇ. 15ರಿಂದ 20ರಷ್ಟು ಕಡಿಮೆ ಸಾಕು, ಆದರೆ ನಿಮ್ಮ ನೀರಿನ ಗಡಸುತನ ಹತೋಟಿಗೆ ಬರುವವರೆಗೆ ಅದಕ್ಕೆ ದುಡ್ಡು ಹಾಕಬೇಡಿ.

ಎಲ್ಲವನ್ನೂ ಜೋಡಿಸಿದ ಮೇಲೆ ಮೊದಲು ಫಿಲ್ಟರ್ ಸ್ಥಾನಕ್ಕೆ ಹೋಗಬಾರದು. ಬ್ಯಾಕ್‌ವಾಶ್ ಸ್ಥಾನದಲ್ಲಿಟ್ಟು, ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಓಡಿಸಿ, ನಂತರ ಒಂದು ನಿಮಿಷ ರಿನ್ಸ್ (ಸೋಸಿದ ನೀರನ್ನು ಕೊಳದ ಬದಲು ಚರಂಡಿಗೆ ಬಿಡುವ ಸ್ಥಾನ) ಮಾಡಿ, ಆಮೇಲೆ ಫಿಲ್ಟರ್. ಪಂಪು ಓಡುತ್ತಿರುವಾಗ ಹಿಡಿಕೆಯನ್ನು ಎಂದಿಗೂ ತಿರುಗಿಸಬೇಡಿ, ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ. ಫಿಲ್ಟರ್ ಸ್ಥಾನದಲ್ಲಿ ಪಂಪು ಓಡುವಾಗ ಮಾಪಕ ತೋರಿಸುವ ಒತ್ತಡವನ್ನು ಟ್ಯಾಂಕಿನ ಮೇಲೇ ಬರೆದಿಡಿ. ಅದಕ್ಕಿಂತ ಅರ್ಧ ಕೆ.ಜಿ. ಏರಿದಾಗ ಮಾತ್ರ ಬ್ಯಾಕ್‌ವಾಶ್ ಸಾಕು. ದಿನವೂ ಮಾಡುವ ಅಭ್ಯಾಸದಿಂದ ನೀರು ಹಾಳಾಗುವುದಲ್ಲದೆ ಸೋಸುವಿಕೆಯೂ ಕೆಡುತ್ತದೆ, ಏಕೆಂದರೆ ಮೇಲ್ಪದರದಲ್ಲಿ ತುಸು ಕೊಳೆ ಕೂತಾಗಲೇ ಮರಳು ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ.

ತೋಟಗಾರ (ಶಿಡ್ಲಘಟ್ಟ):

ದ್ರಾಕ್ಷಿಗೆ ಬೇಡ. ಅದು ಉಪ್ಪಿನಂಶಕ್ಕೆ ಬೇಗ ನಲುಗುವ ಬಳ್ಳಿ. ಎಲೆಯ ಅಂಚು ಸುಟ್ಟಂತಾಗುತ್ತದೆ, ಕೊಳದ ನೀರಿನಲ್ಲಿ ಕ್ಲೋರೈಡ್ ದಿನದಿನಕ್ಕೆ ಹೆಚ್ಚುತ್ತಲೇ ಇರುತ್ತದೆ. ನಿಮ್ಮ ಪಂಪಿನಿಂದ ಮೂರು ನಿಮಿಷದ ಬ್ಯಾಕ್‌ವಾಶಿಗೆ ಸುಮಾರು ಐನೂರು ಲೀಟರ್ ಹೋಗಬಹುದು. ಅದನ್ನೊಂದು ತೆರೆದ ತೊಟ್ಟಿಯಲ್ಲಿ ಎರಡು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬೇಲಿಯ ಪಕ್ಕದ ತೆಂಗಿನ ಮರಗಳಿಗೆ, ಒಂದೇ ಬುಡಕ್ಕೆ ಪ್ರತಿಸಲವೂ ಬೀಳದಂತೆ ಸರದಿಯಲ್ಲಿ ಹರಿಸಿ. ತೆಗೆದ ಹಳೆಯ ಮರಳನ್ನು ತೋಟದ ದಾರಿಯ ಗುಂಡಿಗಳಿಗೆ ತುಂಬಬಹುದು, ಪಾತಿಗಳಿಗೆ ಮಾತ್ರ ಹಾಕಬೇಡಿ.