ದೂರ ಓಡಿದ ವಾರವೇ ಗಂಟಲು ಕೆರೆತ: ಓಟ ಬಿಡಬೇಕೇ?

ನೀರ್ಚಾಲಿನ ಮಾಸ್ತರ್:
ವಯಸ್ಸು 44. ಕನ್ನಡ ಮಾಧ್ಯಮದ ನಾಲ್ಕನೆಯ ತರಗತಿಗೆ ಪಾಠ ಮಾಡುತ್ತೇನೆ. ವಾರದಲ್ಲಿ ಮೂರು ದಿನ ಐದಾರು ಕಿಲೋಮೀಟರ್ ಓಡಿದರೆ ಏನೂ ಆಗುವುದಿಲ್ಲ. ಭಾನುವಾರ ಮೂರೂವರೆಗೆ ಎದ್ದು, ಸೀತಾಂಗೋಳಿ ದಾಟಿ ಹೋಗಿ 18 ಕಿಲೋಮೀಟರ್ ಮುಗಿಸಿ ಬಂದರೆ ಮಂಗಳವಾರ ಗಂಟಲು ಕೆರೆತ, ಬುಧವಾರ ಮೂಗು ಸೋರಿಕೆ. ಈ ಮಳೆಗಾಲದಲ್ಲಿ ಮೂರು ಸಲ ಹೀಗಾಯಿತು. ಹೆಂಡತಿಯ ತಮ್ಮ, "ಭಾವ, ಓಟದಿಂದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಜಿಮ್‌ಗೆ ಬನ್ನಿ" ಎನ್ನುತ್ತಾನೆ. ಅಪ್ಪ ಸಕ್ಕರೆ ಕಾಯಿಲೆಯಿಂದ ಪಟ್ಟ ಪಾಡು ಕಂಡು ಓಟ ಹಿಡಿದವನು ನಾನು. ಬಿಡಲು ಮನಸ್ಸಿಲ್ಲ.

ಉಪ್ಪಳದ ನರ್ಸ್:
ಮಾಸ್ತರರೇ, ಬಿಡಬೇಡಿ. ನಿಮ್ಮ ಭಾವಮೈದುನ ಹೇಳುವುದಕ್ಕೆ ಹಳೆಯ ಆಧಾರವಿದೆ. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ನೂರಕ್ಕೆ ಸುಮಾರು 13 ಮಂದಿ ಮರುವಾರ ಶೀತ, ಜ್ವರ ಎಂದರು. ಅಷ್ಟೇ ತಯಾರಿ ಮಾಡಿಯೂ ಓಡದವರಲ್ಲಿ ಹಾಗೆಂದವರು ನೂರಕ್ಕೆ ಇಬ್ಬರು. ಆದರೆ ಅದು ಅವರವರು ಹೇಳಿದ ಲೆಕ್ಕ, ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಲ್ಲ. ದೀರ್ಘ ಓಟದ ನಂತರ ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಕಡಿಮೆಯಾಗುವುದು ನಿಜ. ಮೊದಲು ಅವು ಸತ್ತವೆಂದೇ ಹೆದರುತ್ತಿದ್ದರು. ಈಗ ಅನೇಕ ಸಂಶೋಧಕರ ಅಭಿಪ್ರಾಯವೆಂದರೆ ಅವು ಶ್ವಾಸಕೋಶ, ಕರುಳಿನಂತಹ ಕಡೆ ಕಾವಲಿಗೆ ಹೋಗಿರುತ್ತವೆ.

ನನಗೆ ಅನುಮಾನ ನಿಮ್ಮ ನಿದ್ದೆಯ ಮೇಲೆ. ಮೂರೂವರೆಗೆ ಏಳುವವರು ಶನಿವಾರ ಎಷ್ಟು ಗಂಟೆಗೆ ಮಲಗುತ್ತೀರಿ? ಸೋಮವಾರ ಬೆಳಿಗ್ಗೆ ಮೂಗು ಸೋರುವ ಮಕ್ಕಳ ನಡುವೆ ನಿಲ್ಲುತ್ತೀರಿ. ಅದೂ ಮಳೆಗಾಲ, ಕಿಟಕಿ ಮುಚ್ಚಿದ ಕೋಣೆ.

ಜಿಮ್ ಬೇಡವೆನ್ನುವುದಿಲ್ಲ. ಕೆಲಸ ಮಾಡುವ ಸ್ನಾಯುವೇ ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನ್ ಆದ ಇಂಟರ್‌ಲ್ಯೂಕಿನ್-6 ಸ್ರವಿಸುತ್ತದೆ, ಅದರ ಹಿಂದೆಯೇ ಉರಿಯೂತ ತಗ್ಗಿಸುವ ಇಂಟರ್‌ಲ್ಯೂಕಿನ್-10 ಏರುತ್ತದೆ. ಭಾರ ಎತ್ತುವುದು ಸ್ನಾಯುವನ್ನು ಉಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಎರಡನ್ನೂ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ.

ಒಂದು ವಿಷಯದಲ್ಲಿ ಮಾತ್ರ ಹಟ ಬೇಡ. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಓಡಲೇಬೇಡಿ. ವೈರಸ್ ಹೃದಯದ ಸ್ನಾಯುವಿಗೆ ತಗುಲಿದ್ದರೆ ಓಟ ಪ್ರಾಣಕ್ಕೇ ಕುತ್ತು.

ಅಡೂರಿನ ಹಿರಿಯ:
ನನಗೆ 71. ದಿನಕ್ಕೆ ಎರಡು ಸಲ ಗುಡ್ಡ ಹತ್ತಿ ಅಡಿಕೆ ತೋಟಕ್ಕೆ ಹೋಗುತ್ತೇನೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ನನಗೆ ಧೈರ್ಯ ಕೊಟ್ಟಿತು. ಬಹುಕಾಲದಿಂದ ದೂರದೂರ ಸೈಕಲ್ ತುಳಿಯುತ್ತಿದ್ದ, 55ರಿಂದ 79 ವರ್ಷದ 125 ಮಂದಿಯನ್ನು ಪರೀಕ್ಷಿಸಿದಾಗ, ವ್ಯಾಯಾಮವಿಲ್ಲದ ಅದೇ ವಯಸ್ಸಿನವರಿಗಿಂತ ಅವರ ಎದೆಯೊಳಗಿನ ಥೈಮಸ್ ಗ್ರಂಥಿ ರೋಗ ಎದುರಿಸುವ ಹೊಸ ಟಿ ಕೋಶಗಳನ್ನು ಹೆಚ್ಚು ಮಾಡುತ್ತಿತ್ತು. ವಯಸ್ಸಾದಂತೆ ಸೊರಗಿಹೋಗುವ ಗ್ರಂಥಿ ಅದು. ಓಡಿ ಮಾಸ್ತರರೇ, ಒದ್ದೆ ಬನಿಯನ್‌ನಲ್ಲಿ ಮಾತಾಡುತ್ತ ನಿಲ್ಲಬೇಡಿ, ಅಷ್ಟೇ.

ನೀರ್ಚಾಲಿನ ಮಾಸ್ತರ್:
ಅಕ್ಕ, ನೀವು ಕೇಳಿದ ಮೇಲೆ ಲೆಕ್ಕ ಹಾಕಿದೆ. ಶನಿವಾರ ನಾಲ್ಕೂವರೆ ಗಂಟೆಗಿಂತ ಹೆಚ್ಚು ನಿದ್ದೆಯೇ ಇಲ್ಲ. ರಾತ್ರಿ ಹನ್ನೊಂದರವರೆಗೆ ಯಕ್ಷಗಾನ ತಾಳಮದ್ದಳೆಯ ಅಭ್ಯಾಸ. ಓಟವನ್ನು ಭಾನುವಾರ ಸಂಜೆಗೆ ಇಟ್ಟು, ನಾಲ್ಕು ವಾರ ನೋಡಿ ಇಲ್ಲಿಯೇ ಬರೆಯುತ್ತೇನೆ. ಭಾವಮೈದುನನಿಗೆ ಬುಧವಾರ, ಶುಕ್ರವಾರ ಜಿಮ್‌ಗೆ ಬರುತ್ತೇನೆಂದು ಹೇಳಿದ್ದೇನೆ.